ಸಾಸ್ತಾನ: ಕೈಬಿಟ್ಟ ದಾರಿಗಳ ನಡುವೆ ಒಂದು ಊರು

ಮಲೆನಾಡಿನ ನಗರದಿಂದ ಹೊರಟು ಹುಲಿಕಲ್ ಘಾಟಿಯನ್ನಿಳಿದು, ಹೊಸಂಗಡಿ, ಸಿದ್ದಾಪುರಗಳನ್ನು ದಾಟಿ ಕುಂದಾಪುರವನ್ನು ಸೇರಿದ ಯಾತ್ರಿಕನು ಅಲ್ಲಿಂದ ದಕ್ಷಿಣಕ್ಕೆ ಮುಖ ಮಾಡಿದರೆ ಕೋಟೇಶ್ವರ, ಕುಂಭಾಶಿ, ತೆಕ್ಕಟ್ಟೆ, ಕೋಟ, ಸಾಲಿಗ್ರಾಮ, ಗುಂಡ್ಮಿ, ಸಾಸ್ತಾನ, ಮಾಬುಕಳ, ಬ್ರಹ್ಮಾವರ ಎಂದು ಹೆಸರುಗಳು ಬದಲಾಗುತ್ತವೆಯೇ ಹೊರತು ಊರು ಮುಗಿಯುವುದಿಲ್ಲ. ನಮ್ಮ ಬಯಲುಸೀಮೆಯಲ್ಲಿ ಒಂದು ಊರು ಕಳೆದ ಮೇಲೆ ಹೊಲ, ಹೊಲ ಕಳೆದ ಮೇಲೆ ಹಳ್ಳ, ಆಮೇಲೆ ಮತ್ತೊಂದು ಊರಿನ ಅಗಸೆ. ಇಲ್ಲಿ ಹಾಗಿಲ್ಲ. ತೋಟದೊಳಗೆ ಒಂದು ಮನೆ, ಗದ್ದೆಯಂಚಿಗೆ ಒಂದು ಮನೆ, ರಸ್ತೆಗೆ ಮುಖವಾಗಿ ಅಂಗಡಿಗಳ ಸಾಲು. ಹೀಗೆ ದಾರಿಯ ಉದ್ದಕ್ಕೂ ಜನವಸತಿಯು ಮಾಲೆಯಂತೆ ಹೆಣೆದುಕೊಂಡಿದೆ. ಆ ಮಾಲೆಯ ದಾರವೇ ರಾಷ್ಟ್ರೀಯ ಹೆದ್ದಾರಿ 66. ಅದು ಪೇಟೆಯ ಬೀದಿಯೂ ಹೌದು, ಪನವೇಲಿನಿಂದ ಕನ್ಯಾಕುಮಾರಿಗೆ ಓಡುವ ಸರಕಿನ ದಾರಿಯೂ ಹೌದು. ಈ ಎರಡು ಕೆಲಸಗಳನ್ನೂ ಒಂದೇ ರಸ್ತೆ ಹೊತ್ತುಕೊಳ್ಳಬೇಕಾಗಿ ಬಂದದ್ದು ಹೇಗೆ ಎಂಬುದೇ ಈ ಲೇಖನದ ವಿಷಯ.

ಕರಾವಳಿಯ ಹಳೆಯ ದಾರಿಗಳು ಈ ದಿಕ್ಕಿನಲ್ಲಿ ಹರಿದವುಗಳಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಅವು ಪೂರ್ವ ಪಶ್ಚಿಮವಾಗಿದ್ದವು. ಕೆಳದಿಯ ಅರಸರ ಕಾಲದಲ್ಲಿ ಬಿದನೂರಿನ ಸಂಪತ್ತು ಘಾಟಿಯಿಳಿದು ವಾರಾಹಿಯ ದಡದ ಬಸರೂರಿಗೆ ಬರುತ್ತಿತ್ತು, ಅಲ್ಲಿಂದ ಹಡಗನ್ನೇರುತ್ತಿತ್ತು. 1665ರಲ್ಲಿ ಶಿವಾಜಿಯು ಸಮುದ್ರಮಾರ್ಗವಾಗಿ ಬಂದು ಬಸರೂರಿನ ಮೇಲೆ ಎರಗಿದ್ದು ಈ ಐಶ್ವರ್ಯದ ಸುದ್ದಿ ಕೇಳಿಯೇ. ಆಳುಪರ ರಾಜಧಾನಿಯಾಗಿದ್ದ ಬಾರಕೂರು ಸೀತಾನದಿಯ ದಡದಲ್ಲಿದೆ. ಆ ನದಿಯು ಸಮುದ್ರ ಸೇರುವ ಅಳಿವೆಯ ಹತ್ತಿರ ಹಂಗಾರಕಟ್ಟೆ ಬಂದರವಿದೆ. ಸಾಸ್ತಾನವು ಈ ಬಾರಕೂರಿಗೂ ಹಂಗಾರಕಟ್ಟೆಗೂ ನೆರೆಯ ಊರು. ಉತ್ತರದಿಂದ ದಕ್ಷಿಣಕ್ಕೆ ಹೋಗಬೇಕಾದವನು ದೋಣಿ ಹತ್ತುತ್ತಿದ್ದನು, ಇಲ್ಲವೇ ಹೊಳೆಹೊಳೆಗೂ ಕಡವಿನಲ್ಲಿ ಕಾಯುತ್ತಿದ್ದನು. ಪಂಚಗಂಗಾವಳಿ, ಸೀತೆ, ಸುವರ್ಣೆ, ಉದ್ಯಾವರದ ಹೊಳೆ ಎಂದು ಒಂದರ ಹಿಂದೊಂದು ನೀರು ಅಡ್ಡ ಮಲಗಿದ್ದ ನಾಡಿನಲ್ಲಿ ಉದ್ದನೆಯ ರಸ್ತೆಯೆಂಬುದು ಸೇತುವೆಗಳ ಕಾಲದ ಸೃಷ್ಟಿ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಒಂದೊಂದಾಗಿ ಸೇತುವೆಗಳು ಎದ್ದವು, ರಸ್ತೆಗೆ 17 ಎಂಬ ಸಂಖ್ಯೆ ದೊರೆಯಿತು, 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಾಗ ಅದು 66 ಆಯಿತು. ಇಂದಿಗೂ ಇಲ್ಲಿಯ ಹಿರಿಯರು ಹದಿನೇಳು ಎಂದೇ ಹೇಳುತ್ತಾರೆ.

ರಸ್ತೆ ಬಂದ ಕೂಡಲೇ ಊರು ರಸ್ತೆಯ ಕಡೆಗೆ ತಿರುಗಿತು. ಹೊಳೆಗೆ ಮುಖ ಮಾಡಿದ್ದ ಅಂಗಡಿ ಹೆದ್ದಾರಿಗೆ ಬಂತು. ಶಾಲೆ, ಬ್ಯಾಂಕು, ಆಸ್ಪತ್ರೆ, ಇಗರ್ಜಿ, ದೇವಸ್ಥಾನದ ಸ್ವಾಗತ ಗೋಪುರ ಎಲ್ಲವೂ ಅದರ ಎರಡು ಬದಿಗೆ ನೆಲೆಗೊಂಡವು. 1998ರಲ್ಲಿ ಕೊಂಕಣ ರೈಲು ಆರಂಭವಾದರೂ ಅದರ ಹಳಿಗಳು ಪೂರ್ವಕ್ಕೆ ಒಳಗೆ ಸರಿದು ಹೋದವು. ಜನರ ನಿತ್ಯದ ಓಡಾಟ ಹೆದ್ದಾರಿಯಲ್ಲೇ ಉಳಿಯಿತು. ಐವತ್ತು ವರ್ಷ ಇದು ಹಾಗೂ ಹೀಗೂ ನಡೆಯಿತು, ಏಕೆಂದರೆ ರಸ್ತೆ ಎರಡು ಪಥದ್ದು. ದನಕರುಗಳೂ ಮಕ್ಕಳೂ ಅದನ್ನು ದಾಟಬಲ್ಲವಾಗಿದ್ದವು.

ಈ ರಸ್ತೆಯನ್ನು ನಾಲ್ಕು ಪಥವಾಗಿಸುವ ಕಾಮಗಾರಿ ಸುರತ್ಕಲ್ಲಿನಿಂದ ಕುಂದಾಪುರದವರೆಗೆ 2010ರ ಸುಮಾರಿಗೆ ಆರಂಭವಾಯಿತು. ಅಲ್ಲಿ ಪ್ರಶ್ನೆ ಎದ್ದಿತು: ಪೇಟೆಗಳನ್ನು ಸೀಳಿಕೊಂಡು ಅಗಲವಾಗಬೇಕೇ, ಪೇಟೆಗಳನ್ನು ಬಳಸಿಕೊಂಡು ಹೊಸ ದಾರಿ ಮಾಡಬೇಕೇ? ದಕ್ಷಿಣದ ಪಡುಬಿದ್ರಿಯಲ್ಲಿ ಬಳಸುದಾರಿಯ ಯೋಜನೆಯೇ ಸಿದ್ಧವಾಗಿತ್ತು. ನಕ್ಷೆಯಲ್ಲಿ ಅದು ಚೆನ್ನಾಗಿ ಕಾಣುತ್ತಿತ್ತು: ಪೇಟೆ ಉಳಿಯುತ್ತದೆ, ಲಾರಿಗಳು ಹೊರಗಿನಿಂದ ಹೋಗುತ್ತವೆ. ಆದರೆ ನಕ್ಷೆಯ ಗೆರೆ ಹಾದುಹೋದದ್ದು ಗದ್ದೆಗಳ ಮೇಲೆ, ಹಿತ್ತಿಲುಗಳ ಮೇಲೆ, ನಾಗಬನಗಳಿರುವ ಮನೆಗಳ ನೆಲದ ಮೇಲೆ. ಭೂಮಿ ಕಳೆದುಕೊಳ್ಳಲಿದ್ದವರು ಒಪ್ಪಲಿಲ್ಲ. ಪೇಟೆಯಲ್ಲಿ ಅಂಗಡಿ ಕಳೆದುಕೊಳ್ಳಲಿದ್ದವರು ಬಳಸುದಾರಿಯೇ ಆಗಲಿ ಎಂದರು. ಒಂದೇ ಊರು ಎರಡಾಗಿ ವಾದಿಸಿತು. ಕಡೆಗೆ ಬಳಸುದಾರಿಯನ್ನು ಕೈಬಿಟ್ಟು ಪೇಟೆಯ ನಡುವೆಯೇ ರಸ್ತೆಯನ್ನು ಅಗಲಿಸಲಾಯಿತು. ಯಾರದು ಸರಿ ಎಂದು ದೂರದಲ್ಲಿ ಕುಳಿತು ತೀರ್ಪು ಕೊಡುವುದು ಸುಲಭ. ಕರಾವಳಿಯ ನೆಲದ ಅಗಲವನ್ನು ಕಂಡವರಿಗೆ ಅದು ಅಷ್ಟು ಸುಲಭವಲ್ಲ. ಪಶ್ಚಿಮಕ್ಕೆ ಕಡಲು, ಅದರ ಈಚೆಗೆ ಹಿನ್ನೀರು, ಪೂರ್ವಕ್ಕೆ ಬೈಲು, ಆಮೇಲೆ ಗುಡ್ಡ. ಇವುಗಳ ನಡುವಣ ಪಟ್ಟಿಯಲ್ಲಿ ಖಾಲಿ ನೆಲವೆಂಬುದೇ ಇಲ್ಲ. ಒಬ್ಬನ ಅಂಗಳವನ್ನು ತಪ್ಪಿಸಿದ ದಾರಿ ಇನ್ನೊಬ್ಬನ ಅಂಗಳಕ್ಕೇ ಹೋಗಬೇಕು.

ಬಳಸುದಾರಿಯು ಶಾಶ್ವತ ಪರಿಹಾರವೂ ಅಲ್ಲ ಎಂಬುದಕ್ಕೆ ಉಡುಪಿಯೇ ಸಾಕ್ಷಿ. ಅಲ್ಲಿ ಹೆದ್ದಾರಿಯ ಮೇಲಿನ ಒಂದು ಕೂಡುದಾರಿಯನ್ನು ಇಂದಿಗೂ ಕರಾವಳಿ ಬೈಪಾಸ್ ಎನ್ನುತ್ತಾರೆ. ಹೆಸರು ಉಳಿದಿದೆ; ಆದರೆ ಊರನ್ನು ಬಳಸಿ ಹೋಗುತ್ತಿದ್ದ ಆ ದಾರಿಯನ್ನು ಊರೇ ಬಂದು ಸುತ್ತಿಕೊಂಡಿದೆ.

ಕುಂದಾಪುರದ ಕಥೆ ಬೇರೆ ಬಗೆಯದು. ಅಲ್ಲಿ ಯೋಜನೆ ರದ್ದಾಗಲಿಲ್ಲ, ಮುಗಿಯಲೂ ಇಲ್ಲ. ಶಾಸ್ತ್ರಿ ವೃತ್ತದ ಮೇಲ್ಸೇತುವೆಯ ಕಂಬಗಳು ಎದ್ದು ನಿಂತವು, ಹಾಗೆಯೇ ನಿಂತವು. ಮಳೆಗಾಲಗಳು ಬಂದು ಹೋದವು. ಕೆಳಗೆ ಕೆಸರು, ಧೂಳು, ಬಸ್ಸಿಗಾಗಿ ಕಾಯುವ ಜನ. 2021ರಲ್ಲಿ ಅದು ಸಂಚಾರಕ್ಕೆ ತೆರೆಯುವಷ್ಟರಲ್ಲಿ ಒಂದು ದಶಕವೇ ಕಳೆದಿತ್ತು. ಆ ವೃತ್ತದ ಸುತ್ತ ವ್ಯಾಪಾರ ಮಾಡುತ್ತಿದ್ದವರಿಗೆ ಆ ಹತ್ತು ವರ್ಷಗಳನ್ನು ಯಾರೂ ಮರಳಿ ಕೊಡಲಾರರು. ಮಂಗಳೂರಿನ ಪಂಪ್‌ವೆಲ್ ಮೇಲ್ಸೇತುವೆಯೂ ಹೀಗೆಯೇ ನಗೆಪಾಟಲಿನ ವಸ್ತುವಾಗಿ, 2020ರ ಜನವರಿ 31ರಂದು ಕೊನೆಗೂ ಉದ್ಘಾಟನೆಯಾಯಿತು.

ಇನ್ನು ಸಾಸ್ತಾನ. ಭಕ್ತರೊಬ್ಬರ ಮನೆಯ ಕಾರ್ಯಕ್ಕೆಂದು ಬಂದ ನಾವು ಇಲ್ಲಿ ಎರಡು ದಿನ ಉಳಿದೆವು. ಈ ಸೀಮೆಯಲ್ಲಿ ನಮ್ಮ ಸಮಾಜದ ಮನೆಗಳು ವಿರಳ. ಘಾಟಿಯ ಮೇಲಿನಿಂದ ಉದ್ಯೋಗಕ್ಕೆಂದು ಬಂದು ನೆಲೆಸಿದ ಕುಟುಂಬ ಅದು. ಬೆಳಗಿನ ಪೂಜೆ ಮುಗಿಸಿ ಹೆದ್ದಾರಿಯ ಬದಿಗೆ ಬಂದು ನಿಂತೆವು. ಉಡುಪಿಯ ಕಡೆಗೆ ಹೋಗುವ ಬಸ್ಸುಗಳು ಆಚೆ ಬದಿಗೆ, ಕುಂದಾಪುರದ ಕಡೆಗೆ ಹೋಗುವವು ಈಚೆ ಬದಿಗೆ. ನಡುವೆ ಎರಡೆರಡು ಪಥ, ಅವುಗಳ ಮಧ್ಯೆ ವಿಭಜಕ. ಮೀನಿನ ಲಾರಿಗಳು, ಅನಿಲದ ಟ್ಯಾಂಕರುಗಳು, ಕೇರಳದಿಂದ ಗೋವೆಗೆ ಹೋಗುವ ಕಾರುಗಳು ಬೀಸುಗಾಳಿಯಂತೆ ಸಾಗುತ್ತಿದ್ದವು. ನಮ್ಮ ಪಕ್ಕದಲ್ಲಿ ಹೂವಿನ ಬುಟ್ಟಿ ಹಿಡಿದ ಒಬ್ಬ ವೃದ್ಧೆ ನಿಂತಿದ್ದರು. ಬಹಳ ಹೊತ್ತಿನಿಂದ ನಿಂತಿರುವಂತೆ ತೋರಿತು. ಕೇಳಿದ್ದಕ್ಕೆ ಎದುರಿನ ಓಣಿಯತ್ತ ಕೈ ತೋರಿಸಿ, ‘ಕಾಂಬುಕೆ ಎದ್ರಿಗೇ ಇತ್ತ್ ಸ್ವಾಮಿ, ಹ್ವಾಪುಕೆ ಮಾತ್ರ ಆತಿಲ್ಲೆ’ ಎಂದರು. ತವರು ಮನೆ ಆ ಬದಿಗೆ, ಗಂಡನ ಮನೆ ಈ ಬದಿಗೆ. ಮದುವೆಯಾಗಿ ಬಂದಾಗ ರಸ್ತೆಯ ಆಚೆಯವರನ್ನು ಕೂಗಿ ಕರೆಯಬಹುದಾಗಿತ್ತಂತೆ. ಕಡೆಗೆ ಶಾಲೆಗೆ ಹೊರಟ ಇಬ್ಬರು ಹುಡುಗರು ಅವರ ಕೈಹಿಡಿದು, ಒಂದು ಕೈಯನ್ನು ಮೇಲೆತ್ತಿ ಲಾರಿಗಳಿಗೆ ತೋರಿಸುತ್ತ, ಅರ್ಧ ದಾರಿಗೆ ವಿಭಜಕದ ಬಳಿ ನಿಂತು, ಮತ್ತೆ ಅರ್ಧ ದಾಟಿಸಿದರು. ನಾವು ಉಸಿರು ಬಿಗಿಹಿಡಿದು ನೋಡುತ್ತಿದ್ದೆವು.

ಊರನ್ನು ಬಳಸಿ ಹೋಗದ ಹೆದ್ದಾರಿಗೆ ಊರಿನ ಎರಡೂ ಬದಿಗೆ ಸೇವಾರಸ್ತೆ ಇರಬೇಕು, ದಾಟಲು ಕೆಳದಾರಿ ಇರಬೇಕು. ವೇಗದ ವಾಹನ ನಡುವಿನಲ್ಲಿ ಹೋಗಲಿ, ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲು ಬದಿಯಲ್ಲಿ ಹೋಗಲಿ ಎಂಬುದು ಅದರ ಲೆಕ್ಕ. ಬಳಸುದಾರಿ ಇಲ್ಲದ ಊರಿನಲ್ಲಿ ಸೇವಾರಸ್ತೆಯೂ ಪೂರ್ತಿಯಾಗದಿದ್ದರೆ ಅದೇ ಹಾಲಿನ ಸೈಕಲ್ಲು ಲಾರಿಯ ಪಥದಲ್ಲಿ, ಹಲವು ಸಲ ಎದುರು ದಿಕ್ಕಿನಲ್ಲಿ, ಬರಬೇಕಾಗುತ್ತದೆ. ತಪ್ಪು ದಿಕ್ಕಿನಲ್ಲಿ ಬಂದ ಸವಾರನನ್ನು ಬೈಯುವವರು, ಸರಿಯಾದ ದಿಕ್ಕಿನಲ್ಲಿ ಮನೆ ಸೇರಲು ಅವನು ಎಷ್ಟು ದೂರ ಸುತ್ತಿ ಬರಬೇಕೆಂಬುದನ್ನೂ ಒಮ್ಮೆ ಅಳೆದು ನೋಡಲಿ. ಸೇವಾರಸ್ತೆ ಬೇಕೆಂದು ಕೋಟ, ಸಾಸ್ತಾನಗಳ ಜನ ವರ್ಷಗಳಿಂದ ಕೇಳುತ್ತಲೇ ಬಂದಿದ್ದಾರೆ.

ಊರಿನ ಅಂಚಿಗೆ, ಗುಂಡ್ಮಿಯಲ್ಲಿ, ಸುಂಕದ ಕಟ್ಟೆಯಿದೆ. 2017ರಲ್ಲಿ ಇಲ್ಲಿ ಸುಂಕದ ವಸೂಲಿ ಆರಂಭವಾದಾಗ ಸುತ್ತಲಿನ ಜನ ಬೀದಿಗಿಳಿದರು. ಸಾಸ್ತಾನದವನು ಸಾಲಿಗ್ರಾಮದ ಸಂತೆಗೆ ಹೋಗಿ ಬಂದರೂ ಸುಂಕ ಕೊಡಬೇಕೇ ಎಂಬುದು ಅವರ ಪ್ರಶ್ನೆಯಾಗಿತ್ತು. ಸ್ಥಳೀಯ ವಾಹನಗಳಿಗೆ ವಿನಾಯಿತಿ ದೊರೆಯಿತು. ಆದರೆ ಸ್ಥಳೀಯರೆಂದರೆ ಯಾರು, ಬಾಡಿಗೆಗೆ ಓಡುವ ವಾಹನ ಅದರಲ್ಲಿ ಸೇರುವುದೇ ಎಂಬ ತಕರಾರು ಆಮೇಲೆಯೂ ಮತ್ತೆ ಮತ್ತೆ ಎದ್ದಿದೆ. ಇಲ್ಲಿ ಕಾನೂನಿನ ಒಂದು ಸೂಕ್ಷ್ಮವನ್ನು ಓದುಗ ಬಂಧುಗಳು ಗಮನಿಸಬೇಕು. ರಾಷ್ಟ್ರೀಯ ಹೆದ್ದಾರಿಗಳ ಶುಲ್ಕ ನಿಯಮಗಳು 2008ರಲ್ಲಿ ಬಂದವು. ಅವುಗಳ ಪ್ರಕಾರ ಕಟ್ಟೆಯಿಂದ 20 ಕಿಲೋಮೀಟರಿನೊಳಗೆ ವಾಸಿಸುವವರ ಸ್ವಂತ ಬಳಕೆಯ ವಾಹನಕ್ಕೆ ರಿಯಾಯಿತಿ ದರದ ಮಾಸಿಕ ಪಾಸು ದೊರೆಯುತ್ತದೆ. ಸೇವಾರಸ್ತೆಯೋ ಬದಲಿ ರಸ್ತೆಯೋ ಇದ್ದಲ್ಲಿ ಆ ಪಾಸು ಇಲ್ಲ. ಎಂದರೆ, ಊರಿನವನಿಗೆ ಸುಂಕವಿಲ್ಲದ ದಾರಿಯೊಂದು ಇರಬಹುದೆಂದು ನಿಯಮ ಬರೆದವರೇ ಎಣಿಸಿದ್ದರು. ಆ ದಾರಿ ಇಲ್ಲದಲ್ಲಿ ಸುಂಕವು ರಸ್ತೆಯ ವೇಗಕ್ಕೆ ಕೊಡುವ ಬೆಲೆಯಾಗಿ ಉಳಿಯದೆ, ಮನೆಯಿಂದ ಹೊರಬೀಳಲು ಕೊಡುವ ಬೆಲೆಯಾಗುತ್ತದೆ. ದಕ್ಷಿಣದ ಸುರತ್ಕಲ್ಲಿನ ಕಟ್ಟೆಯು ಜನರ ದೀರ್ಘ ಹೋರಾಟದ ತರುವಾಯ 2022ರ ಡಿಸೆಂಬರ್ 1ರಂದು ನಿಂತುಹೋಯಿತು.

ಸುಂಕವೇ ಅನ್ಯಾಯವೆಂದು ನಾವು ಹೇಳುತ್ತಿಲ್ಲ. ಹನ್ನೆರಡನೆಯ ಶತಮಾನದ ಶರಣಗಣದಲ್ಲಿ ಸುಂಕದ ಬಂಕಣ್ಣನೆಂಬ ವಚನಕಾರನಿದ್ದನು. ಸುಂಕ ವಸೂಲಿಯೇ ಅವನ ಕಾಯಕ. ಕಟ್ಟೆಯ ಕಿಂಡಿಯಲ್ಲಿ ಇಡೀ ಹಗಲು ಹೊಗೆ ಕುಡಿಯುತ್ತ ಕುಳಿತಿರುವ ಹುಡುಗ ಹುಡುಗಿಯರ ಮೇಲೆ ರೇಗುವವರಿಗೆ ಆ ಹೆಸರು ನೆನಪಿರಲಿ. ಅವರು ಬಹುಮಟ್ಟಿಗೆ ಸುತ್ತುಮುತ್ತಲಿನ ಊರುಗಳ ಮಕ್ಕಳೇ. ಜಗಳವಿರುವುದು ನಕ್ಷೆ ಬರೆದವರೊಡನೆ.

ನಕ್ಷೆಯ ಮಾತು ಬಂದಾಗ ಬೆಂಗಳೂರನ್ನು ಬಿಟ್ಟು ಮುಂದೆ ಹೋಗಲಾಗದು. ಎಳೆದ ಗೆರೆ ಅಲ್ಲಿ ಅಳಿಸದೆ, ಆಗದೆ ಉಳಿದರೆ ಏನಾಗುತ್ತದೆಂಬುದನ್ನು ಕರಾವಳಿಯವರು ನೋಡಿ ತಿಳಿಯಬಹುದು. ಬೆಂಗಳೂರು ಮೈಸೂರು ನಡುವೆ 111 ಕಿಲೋಮೀಟರಿನ ವೇಗದ ರಸ್ತೆ, ಅದರ ಬದಿಗೆ ಐದು ಉಪನಗರಗಳು ಎಂಬ ಯೋಜನೆಗೆ 1997ರ ಏಪ್ರಿಲ್ 3ರಂದು ಒಪ್ಪಂದವಾಯಿತು. ಮಂಡ್ಯ, ರಾಮನಗರಗಳ ಕಡೆಯ ಹೊಲಗಳೂ ಲೆಕ್ಕಕ್ಕೆ ಬಂದವು. ವ್ಯಾಜ್ಯಗಳ ಮೇಲೆ ವ್ಯಾಜ್ಯ ನಡೆದವು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಒಪ್ಪಂದವನ್ನು ಎತ್ತಿಹಿಡಿಯಿತು. ಆದರೂ ನೆಲದ ಮೇಲೆ ಪೂರ್ತಿಯಾಗಿ ಮೂಡಿದ್ದು ತುಮಕೂರು ರಸ್ತೆಯಿಂದ ಹೊಸೂರು ರಸ್ತೆಯವರೆಗಿನ ಸುಮಾರು 41 ಕಿಲೋಮೀಟರಿನ ಹೊರವರ್ತುಲ, ಜೊತೆಗೊಂದು ಕೂಡುರಸ್ತೆ. ಜನ ಅದನ್ನು ನೈಸ್ ರಸ್ತೆ ಎನ್ನುತ್ತಾರೆ. ಮೈಸೂರಿಗೆ ಹೋಗಬೇಕಾಗಿದ್ದ ಆ ದಾರಿ ಮೈಸೂರನ್ನು ಮುಟ್ಟಲೇ ಇಲ್ಲ. ಹಳೆಯ ಮೈಸೂರು ರಸ್ತೆಯನ್ನೇ ಹಿಗ್ಗಿಸಿ 118 ಕಿಲೋಮೀಟರಿನ ಹತ್ತು ಪಥದ ಹೆದ್ದಾರಿಯನ್ನು ಮಾಡಲಾಯಿತು. 2023ರ ಮಾರ್ಚ್ 12ರಂದು ಅದರ ಉದ್ಘಾಟನೆಯಾಯಿತು. ಅಲ್ಲಿ ಪಡುಬಿದ್ರಿಗೆ ವಿರುದ್ಧವಾದುದು ನಡೆಯಿತು: ರಾಮನಗರ, ಚನ್ನಪಟ್ಟಣ, ಮಂಡ್ಯ, ಶ್ರೀರಂಗಪಟ್ಟಣಗಳನ್ನೆಲ್ಲ ದಾರಿಯು ಬಳಸಿಕೊಂಡು ಹೋಯಿತು. ಪೇಟೆಗೆ ಲಾರಿಯ ಕಾಟ ತಪ್ಪಿತು. ಅದರ ಜೊತೆಯಲ್ಲೇ ಚನ್ನಪಟ್ಟಣದ ಮರದ ಗೊಂಬೆಯ ಅಂಗಡಿಯವನಿಗೆ ಗಿರಾಕಿಯೂ ತಪ್ಪಿದನು.

ಅದಕ್ಕಿಂತ ನೋವಿನದು ಅದೇ ನಗರದ ಇನ್ನೊಂದು ಯೋಜನೆಯಾದ ಪೆರಿಫೆರಲ್ ವರ್ತುಲ ರಸ್ತೆ. 2005ರಲ್ಲಿ ಪ್ರಾಥಮಿಕ ಅಧಿಸೂಚನೆ, 2007ರಲ್ಲಿ ಅಂತಿಮ ಅಧಿಸೂಚನೆ. ಆಮೇಲೆ ದರದ ಚರ್ಚೆ, ಮಾರ್ಗದ ಚರ್ಚೆ, ಹೊಸ ಹೆಸರು. ರಸ್ತೆ ಮಾತ್ರ ಆಗಲಿಲ್ಲ. ಅಧಿಸೂಚನೆಯಲ್ಲಿ ಸೇರಿದ ಹೊಲವನ್ನು ರೈತ ಮಾರುವಂತಿಲ್ಲ, ಮನೆ ಕಟ್ಟುವಂತಿಲ್ಲ, ಬ್ಯಾಂಕಿನಲ್ಲಿ ಸಾಲ ಹುಟ್ಟುವುದು ಕಷ್ಟ. ಮಗಳ ಮದುವೆ ಕಾಯುವುದಿಲ್ಲ, ಯೋಜನೆ ಕಾಯಿಸುತ್ತದೆ. ರಾಷ್ಟ್ರೀಯ ಹೆದ್ದಾರಿಗಳ 1956ರ ಕಾಯಿದೆಯಲ್ಲಿ ಇದಕ್ಕೊಂದು ಮಿತಿಯಿದೆ. ಭೂಮಿ ಬೇಕೆಂಬ ಮೊದಲ ಅಧಿಸೂಚನೆ ಹೊರಟು ಒಂದು ವರ್ಷದೊಳಗೆ ಸ್ವಾಧೀನದ ಘೋಷಣೆ ಆಗದಿದ್ದರೆ ಆ ಅಧಿಸೂಚನೆ ತಾನಾಗಿ ಬಿದ್ದುಹೋಗುತ್ತದೆ; ನ್ಯಾಯಾಲಯದ ತಡೆಯಿದ್ದ ಕಾಲವನ್ನಷ್ಟೇ ಲೆಕ್ಕದಿಂದ ಬಿಡುತ್ತಾರೆ. ಇದು ವಿವೇಕದ ಮಾತು. ಬೇಕಾದರೆ ತೆಗೆದುಕೊಳ್ಳಿ, ಬೇಡವಾದರೆ ಬಿಡಿ, ತೂಗುಹಾಕಬೇಡಿ ಎಂಬುದೇ ಅದರ ತಾತ್ಪರ್ಯ. ಇಂಥದೇ ಮಿತಿ ಎಲ್ಲ ಬಗೆಯ ರಸ್ತೆಗಳಿಗೂ ಆಚರಣೆಯಲ್ಲಿ ಅನ್ವಯಿಸಿದರೆ ಎಷ್ಟೋ ಮನೆಗಳ ಕಣ್ಣೀರು ತಪ್ಪೀತು.

ಕೈಬಿಟ್ಟ ಯೋಜನೆಯನ್ನು ಸ್ಪಷ್ಟವಾಗಿ ಕೈಬಿಟ್ಟ ನಿದರ್ಶನವೂ ಅಲ್ಲಿಯೇ ಇದೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರಿನ ಉಕ್ಕಿನ ಸೇತುವೆ ಮಾಡುವೆವೆಂದಾಗ 2016ರಲ್ಲಿ ನಾಗರಿಕರು ಬೀದಿಯಲ್ಲಿ ಮಾನವ ಸರಪಳಿಯಾಗಿ ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಅದನ್ನು ರದ್ದುಮಾಡಿತು. ಆ ಮರಗಳ ನೆರಳಿನಲ್ಲಿ ಇಂದಿಗೂ ಜನ ನಡೆಯುತ್ತಾರೆ.

ಅಮೆರಿಕದ ಬಾಸ್ಟನ್ ನಗರದ ವೃತ್ತಾಂತ ಇದಕ್ಕಿಂತ ಮುಂದಿನದು. ಅಲ್ಲಿ ನಗರವನ್ನು ಸೀಳಿ ವೇಗದ ಹೆದ್ದಾರಿಯೊಂದನ್ನು ಒಯ್ಯಬೇಕೆಂದು 1960ರ ದಶಕದಲ್ಲಿ ಬಡವರ ಕೇರಿಗಳನ್ನೇ ಕೆಡವಿ ನೆಲವನ್ನು ಖಾಲಿ ಮಾಡಿದ್ದರು. ನಿವಾಸಿಗಳ ವಿರೋಧಕ್ಕೆ ಕಿವಿಗೊಟ್ಟ ರಾಜ್ಯಪಾಲ ಸಾರ್ಜೆಂಟ್ 1970ರಲ್ಲಿ ಕಾಮಗಾರಿಯನ್ನು ನಿಲ್ಲಿಸಿದನು, ಎರಡು ವರ್ಷಗಳ ಬಳಿಕ ಯೋಜನೆಯನ್ನೇ ಕೈಬಿಟ್ಟನು. ಮುಂದೆ 1973ರಲ್ಲಿ, ಹೆದ್ದಾರಿಗೆಂದು ಇಟ್ಟ ಹಣವನ್ನು ರೈಲಿಗೆ ಬಳಸಲು ಆ ದೇಶದ ಕಾನೂನು ಅವಕಾಶ ಕೊಟ್ಟಿತು. 1987ರಲ್ಲಿ ಆ ಪಟ್ಟಿಯಲ್ಲಿ ನಗರ ರೈಲು ಓಡತೊಡಗಿತು, ಅದರ ಉದ್ದಕ್ಕೂ ಒಂದು ಉದ್ಯಾನ ಎದ್ದಿತು. ಕೆಡವಿದ ಮನೆಗಳು ಮರಳಿ ಬರಲಿಲ್ಲ, ನಿಜ. ಆದರೆ ಹೆದ್ದಾರಿ ಬೇಡವೆಂದವರ ಕೈಗೆ ಬರಿಯ ಬಯಲನ್ನು ಕೊಟ್ಟು ಸುಮ್ಮನಾಗಲಿಲ್ಲ. ನಮ್ಮಲ್ಲಿ ಬಳಸುದಾರಿ ಬೇಡವೆಂದಾಗ, ಹಾಗಾದರೆ ಪೇಟೆಯೊಳಗೆ ಜನ ದಾಟುವುದು ಹೇಗೆ ಎಂಬ ಎರಡನೆಯ ಪ್ರಶ್ನೆಯನ್ನು ಅದೇ ಸಭೆಯಲ್ಲಿ ಕೇಳುವವರಿರುವುದಿಲ್ಲ.

ದಾಟುವ ಪ್ರಶ್ನೆಗೆ ನೆರೆಯ ಕಾಸರಗೋಡು ಇನ್ನೊಂದು ಬಗೆಯ ಉತ್ತರ ಕೊಟ್ಟಿದೆ. ತಲಪಾಡಿಯಾಚೆ ಇದೇ 66 ಆರು ಪಥವಾಗಿದೆ. 2010ರಲ್ಲಿ ಕೇರಳದ ಸರ್ವಪಕ್ಷ ಸಭೆ ರಸ್ತೆಯ ಅಗಲ 30 ಮೀಟರು ಸಾಕೆಂದಿತು, ಅದೇ ವರ್ಷ ಮತ್ತೆ 45 ಮೀಟರಿಗೆ ಮರಳಿತು. ಮಂಜೇಶ್ವರ, ಉಪ್ಪಳ, ಕುಂಬಳೆಗಳ ಕನ್ನಡಿಗರಿಗೆ ಸೇವಾರಸ್ತೆಯೂ ಕೆಳದಾರಿಗಳೂ ದೊರೆತಿವೆ. ಆದರೆ ಎಷ್ಟೋ ಕಡೆ ಹೆದ್ದಾರಿಯು ಕೋಟೆಯ ಗೋಡೆಯಂತೆ ಎತ್ತರದಲ್ಲಿ ನಿಂತಿದೆ. ಎದುರು ಮನೆಯು ಅಲ್ಲಿ ಕಣ್ಣಿಗೇ ಕಾಣುವುದಿಲ್ಲ. ಸಾಸ್ತಾನದ ಆ ವೃದ್ಧೆಗೆ ಕಾಣುವ ಭಾಗ್ಯವಾದರೂ ಇದೆ. ಆದರೂ ಈ ಎರಡರಲ್ಲಿ ಒಂದನ್ನು ಆರಿಸೆಂದರೆ ನಾವು ಗೋಡೆಯ ಕೆಳದಾರಿಯನ್ನೇ ಆರಿಸುತ್ತೇವೆ. ಜೀವ ಉಳಿಯುವುದು ಮೊದಲು.

ಎರಡನೆಯ ದಿನ ಸಂಜೆ ಮಾಬುಕಳದ ಸೇತುವೆಯವರೆಗೆ ಹೋದೆವು. ನಾಲ್ಕು ಪಥಕ್ಕೆಂದು ಹಳೆಯ ಸೇತುವೆಯ ಪಕ್ಕದಲ್ಲಿ ಹೊಸದೊಂದನ್ನು ಕಟ್ಟಿದ್ದಾರೆ. ಹಳೆಯದನ್ನು ಉಳಿಸಿಕೊಂಡು ಮಗ್ಗುಲಿಗೆ ಹೊಸದನ್ನು ಸೇರಿಸುವುದು ಈ ಹೆದ್ದಾರಿಯ ಉದ್ದಕ್ಕೂ ಕಾಣುವ ಮಿತವ್ಯಯ. ಕಾರವಾರದಲ್ಲಿ ಕಾಳಿ ನದಿಯ ಮೇಲೆಯೂ ಹಾಗೆಯೇ ಮಾಡಿದ್ದರು. 2024ರ ಆಗಸ್ಟ್ 7ರ ನಡುರಾತ್ರಿ ಅಲ್ಲಿಯ ಹಳೆಯ ಸೇತುವೆ ಒಂದು ಲಾರಿಯ ಸಮೇತ ನದಿಗೆ ಕುಸಿಯಿತು, ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಉಳಿಸಿದರು. ಅಂದಿನಿಂದ ಹಳೆಯ ಸೇತುವೆಯ ಮೇಲೆ ಹೋಗುವ ಬಸ್ಸಿನವರು ಒಮ್ಮೆ ಕೆಳಗೆ ನೋಡುತ್ತಾರೆ ಎಂದು ಜೊತೆಯಲ್ಲಿ ಬಂದವರು ಹೇಳಿದರು.

ಸೀತಾನದಿ ಅಲ್ಲಿ ಅಗಲವಾಗಿ, ಸದ್ದಿಲ್ಲದೆ ಹರಿಯುತ್ತದೆ. ಪಶ್ಚಿಮಕ್ಕೆ ಹಂಗಾರಕಟ್ಟೆಯ ಕಡೆ ನೀರು ಬೆಳ್ಳಿಯಂತೆ ಹೊಳೆಯುತ್ತಿತ್ತು. ದಡದಲ್ಲಿ ಇಬ್ಬರು ಚಿಪ್ಪಿಮೀನು ಹೆಕ್ಕುತ್ತಿದ್ದರು, ಒಬ್ಬನು ದೋಣಿಯನ್ನು ಜಲ್ಲೆಯಿಂದ ಒತ್ತುತ್ತ ಆಚೆ ದಡಕ್ಕೆ ಹೋಗುತ್ತಿದ್ದನು. ಸೇತುವೆ ಇರುವಾಗ ದೋಣಿಯೇಕೆ ಎಂದು ನಮ್ಮ ಜೊತೆಯ ಬಾಲಕ ಕೇಳಿದನು. ಆ ಮನುಷ್ಯನ ಮನೆ ಎದುರಿಗೇ ಇದೆ, ಸೇತುವೆಗೆ ಬಂದು ಹೆದ್ದಾರಿಯನ್ನು ಎರಡು ಸಲ ದಾಟಿ ಸುತ್ತಿ ಹೋಗುವುದಕ್ಕಿಂತ ದೋಣಿಯೇ ಬೇಗ ಎಂದು ಅವನ ತಂದೆ ವಿವರಿಸಿದರು. ದೋಣಿ ದಡ ಮುಟ್ಟುವವರೆಗೂ ನಿಂತು ನೋಡಿ, ದೀಪ ಹಚ್ಚುವ ಹೊತ್ತಿಗೆ ಮನೆಗೆ ಮರಳಿದೆವು.